ತೆರಿಗೆ ಕಟ್ಟಿದರೂ ವೇಪ್‌ಗೆ ಅನುಮತಿಯಿಲ್ಲ

‘ತಲಪಾಡಿ (ಕರ್ನಾಟಕ-ಕೇರಳ ಗಡಿ) ದಾಟಿದರೆ ವೇಪ್ (ಇ-ಸಿಗರೇಟ್) ಮಾರಬಹುದು, ಜಿಎಸ್‌ಟಿ ಕಟ್ಟಿದರೆ ಸಾಕು, ನಿಕೋಟಿನ್ ಇಲ್ಲದ್ದಕ್ಕೆ ಅಡ್ಡಿಯೇ ಇಲ್ಲ’ ಎಂಬ ಸಂದೇಶ ಕಾಸರಗೋಡಿನ ಗುಂಪುಗಳಲ್ಲಿ ಓಡಾಡುತ್ತಿದೆ. ಮೂರೂ ಮಾತು ತಪ್ಪು.

2019ರ ಇ-ಸಿಗರೇಟ್ ನಿಷೇಧ ಕಾಯ್ದೆ ಕೇಂದ್ರದ್ದು. ಗಡಿಯ ಆಚೆಗೂ ಈಚೆಗೂ ಒಂದೇ. ದ್ರವವನ್ನು ಬಿಸಿಮಾಡಿ ಸೇದುವ ಆವಿ ಹುಟ್ಟಿಸುವ ಉಪಕರಣ ನಿಷಿದ್ಧ, ನಿಕೋಟಿನ್ ಇರಲಿ ಬಿಡಲಿ. ಪೆನ್‌ಡ್ರೈವ್‌ನಂತೆ ಕಾಣುವ, ಮಾವಿನ ಪರಿಮಳದ ಪುಟ್ಟ ಕೊಳವೆಯೂ ಇದರಲ್ಲೇ ಬಂತು. ಮಕ್ಕಳ ಚೀಲದಲ್ಲಿ ಕಂಡರೆ ಆಟಿಕೆ ಅಂದುಕೊಳ್ಳಬೇಡಿ.

ಮಾರಿದರೆ ಮೊದಲ ಸಲ 1 ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ. ದಾಸ್ತಾನಿಟ್ಟರೆ 6 ತಿಂಗಳು, 50,000 ರೂ.ವರೆಗೆ.

ಜಿಎಸ್‌ಟಿ ಕಟ್ಟಿದರೂ ನಿಷೇಧ ತಪ್ಪದು. ಯುಎಇಯಲ್ಲಿ ಶೇ. 100 ಅಬಕಾರಿ ತೆರಿಗೆಯೊಂದಿಗೆ ಮಾರಾಟವಿದೆ, ನಿಜ. ಆದರೆ ಅಲ್ಲಿನ ಖರೀದಿ ರಸೀದಿ ಇಲ್ಲಿ ನಡೆಯದು, ಆಮದಿಗೂ ನಿಷೇಧವಿದೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ.