ಆ ಚೀಟಿ ಹಾಗೇ ಬ್ಯಾಗಿಗೆ ಹೋಯ್ತು

ಕಳೆದ ಆದಿತ್ಯವಾರದಿಂದ ಒಂದು ವಿಷಯ ಮನಸ್ಸು ಬಿಟ್ಟು ಹೋಗ್ತಾ ಇಲ್ಲ. ಬರೆದೇ ಬಿಡುತ್ತೇನೆ.

ಕಾಸರಗೋಡು ಕಡೆಯ ಸಣ್ಣ ಕನ್ನಡ ಕ್ರೈಸ್ತ ಸಭೆ ನಮ್ಮದು. ಆ ದಿನ ಹೊರಗಿನಿಂದ ನಾಲ್ಕು ಜನ ಅತಿಥಿಗಳು ಬಂದಿದ್ದರು. ಮೊದಲ ಹಾಡು ಮುಗಿದದ್ದೇ ಶುರು. ಸ್ವಾಗತ, ಪರಿಚಯ, ಶಾಲು, ಹಾರ. ಫೋಟೋ ತೆಗೆಯುವವರು ಶಿಲುಬೆಗೆ ಬೆನ್ನು ಹಾಕಿ ನಿಂತು, "ಸ್ವಲ್ಪ ಈ ಕಡೆ ನೋಡಿ" ಅನ್ನುತ್ತಿದ್ದರು. ಮುಕ್ಕಾಲು ಗಂಟೆ ಅದರಲ್ಲೇ ಹೋಯ್ತು. ಹೊತ್ತಾಯಿತು ಅಂತ ಸಾಕ್ಷಿ ಹೇಳುವುದನ್ನು, ಅಂದರೆ ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳಿಕೊಳ್ಳುವುದನ್ನು, ಬಿಟ್ಟರು.

ನನ್ನ ಪಕ್ಕ ಕೂತಿದ್ದ ಅಕ್ಕ ಸಾಕ್ಷಿ ಹೇಳಬೇಕು ಅಂತಲೇ ಬಂದಿದ್ದರು. ಬದಿಯಡ್ಕದ ಆಚೆಯಿಂದ, ಎರಡು ಬಸ್ಸು ಹಿಡಿದು. ಗಂಡ ತೀರಿಕೊಂಡು ಮೂರು ತಿಂಗಳಾಗಿದೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಬೈಬಲಿನೊಳಗೆ ಇಟ್ಟಿದ್ದರು. ಆಶೀರ್ವಾದ ಆದ ಮೇಲೆ ಅದನ್ನು ಮಡಚಿ ಬ್ಯಾಗಿಗೆ ಹಾಕಿದರು. "ಪರವಾಗಿಲ್ಲ, ಇನ್ನೊಂದು ವಾರ ಹೇಳಿದ್ರಾಯ್ತು" ಅಂದರು. ನನಗೆ ಅವರ ಮುಖ ನೋಡಲಿಕ್ಕೆ ಆಗಲಿಲ್ಲ.

ನಾವು ಕೂಡಿಬರುವುದು ಯಾಕೆ? ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದಲ್ಲಿ ಉತ್ತರ ಇದೆ. ಸಭೆಯಾಗಿ ಸೇರುವುದನ್ನು ಬಿಡಬೇಡಿ, ಒಬ್ಬರಿಗೊಬ್ಬರು ಧೈರ್ಯ ಹೇಳಿ ಅಂತ. ಕೊರಿಂಥದ ಸಭೆಗೆ ಅಪೊಸ್ತಲ ಪೌಲನೂ ಇದನ್ನೇ ಬರೆದ. ಒಬ್ಬ ಹಾಡು ತರಲಿ, ಇನ್ನೊಬ್ಬ ಉಪದೇಶ ತರಲಿ, ಎಲ್ಲ ಭಕ್ತಿವೃದ್ಧಿಗಾಗಿ ನಡೆಯಲಿ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ ಕೊಟ್ಟು ಬಡವನನ್ನು ಕಾಲ ಬುಡದಲ್ಲಿ ಕೂರಿಸುವ ಸಭೆಯನ್ನು ಯಾಕೋಬ ತನ್ನ ಪತ್ರಿಕೆಯಲ್ಲಿ ಗದರಿದ್ದೂ ನಮಗೆಲ್ಲ ಗೊತ್ತಿದೆ, ಅಲ್ವಾ?

ಅತಿಥಿಗಳಿಗೆ ಮರ್ಯಾದೆ ಬೇಡ ಅಂತ ನಾನು ಹೇಳುತ್ತಿಲ್ಲ. ಆರಾಧನೆ ಮುಗಿದ ಮೇಲೆ ಹೊರಗೆ ಚಾ ಕುಡಿಯುವಾಗ ಶಾಲು ಹೊದಿಸೋಣ, ಎಷ್ಟು ಬೇಕಾದರೂ ಫೋಟೋ ತೆಗೆಯೋಣ. ಆದರೆ ಒಳಗಿನ ಆ ಒಂದೂವರೆ ಗಂಟೆ ದೇವರದ್ದು. ಆಮೇಲೆ, ಬೆಂಚಿನಲ್ಲಿ ನಮ್ಮ ಪಕ್ಕ ಕೂತವರದ್ದು.

ನಮ್ಮಂಥ ಗಡಿನಾಡಿನ ಸಭೆಗೆ ಹೀಗೆ ಒಬ್ಬರಿಗೊಬ್ಬರು ಆಸರೆಯಾಗುವುದು ಇನ್ನೂ ಜಾಸ್ತಿ ಬೇಕು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದ ಮೇಲೆ ಈ ಕರಾವಳಿಯಲ್ಲಿ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿತು. ನಮ್ಮ ಹಿರಿಯರು ಅವನ್ನು ಪುಸ್ತಕ ನೋಡದೆ ಹಾಡುತ್ತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಈಗ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಓದುವುದು ಮಲಯಾಳದಲ್ಲಿ, ಇಲ್ಲಾ ಇಂಗ್ಲಿಷಿನಲ್ಲಿ. ಕನ್ನಡ ಅಕ್ಷರ ಕಂಡರೆ ತಡವರಿಸುತ್ತಾರೆ.

ಅದೇ ದಿನ ಎದುರಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಹಾಡಿನ ಪುಸ್ತಕದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ತೋರಿಸುತ್ತಿದ್ದರು. ಮಗು ಹಿಂದೆ ಬಿದ್ದರೆ ಅಜ್ಜಿ ಹಾಡು ನಿಲ್ಲಿಸಿ ಕಾಯುತ್ತಿದ್ದರು. ಮೂರನೇ ಚರಣಕ್ಕೆ ಇಬ್ಬರ ಸ್ವರವೂ ಒಟ್ಟಿಗೆ ಕೇಳಿತು. ಯಾರೂ ಅದರ ಫೋಟೋ ತೆಗೆಯಲಿಲ್ಲ. ನನಗೆ ಮಾತ್ರ ಆ ದಿನದ ಆರಾಧನೆ ಅಲ್ಲೇ ಸಿಕ್ಕಿತು.

ನಿನ್ನೆ ಸಭಾಪಾಲಕರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ಪೂರ್ತಿ ಕೇಳಿದರು. ಬರುವ ವಾರ ಮೊದಲ ಹಾಡು ಆದ ಕೂಡಲೇ ಅಕ್ಕನನ್ನು ಕರೆಯುತ್ತಾರಂತೆ. ಅಕ್ಕನಿಗೂ ಹೇಳಿದ್ದೇನೆ. ಚೀಟಿ ಇನ್ನೂ ಬ್ಯಾಗಿನಲ್ಲೇ ಇದೆ ಅಂದರು.