ಯಾರ ರಕ್ತ, ಯಾವ ಕಿಟ್?

2020ರ ಜುಲೈನಲ್ಲಿ ಮುಂಬೈಯ ಮೂರು ವಾರ್ಡುಗಳ ಕೊಳೆಗೇರಿಗಳಲ್ಲಿ ನೂರಕ್ಕೆ 57 ಮಂದಿಗೆ ಕೊರೊನಾ ಪ್ರತಿಕಾಯ, ಅಂದರೆ ಸೋಂಕು ಬಂದುಹೋದದ್ದಕ್ಕೆ ರಕ್ತದಲ್ಲಿ ಉಳಿಯುವ ಗುರುತು, ಇತ್ತು. ಸೆಪ್ಟೆಂಬರಿನ ಸರ್ಕಾರಿ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ಸುಮಾರು 16. ಇಲ್ಲಿ ಕೂತು ನೋಡುವವರಿಗೆ 'ನಮ್ಮೂರು ಬಚಾವಾಯಿತು' ಅನ್ನಿಸುವುದು ಸಹಜ. ಆದರೆ ಅದೇ ಕರ್ನಾಟಕದಲ್ಲಿ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಸಂಶೋಧಕರ ಇನ್ನೊಂದು ತಂಡ ಮಾಡಿದ ಸಮೀಕ್ಷೆ 46.7 ಅಂದಿತ್ತು. ಕೆಲವೇ ವಾರಗಳಲ್ಲಿ ರಾಜ್ಯದ ರೋಗನಿರೋಧಕ ಶಕ್ತಿ ಮೂರನೇ ಒಂದು ಪಾಲಿಗೆ ಇಳಿಯಲು ಸಾಧ್ಯವೇ?

ಇಳಿದಿರಲಿಲ್ಲ. ರಕ್ತ ಕೊಟ್ಟವರು ಬೇರೆ, ಪ್ರತಿಕಾಯ ಪತ್ತೆಹಚ್ಚುವ ಕಿಟ್ ಬೇರೆ. ಸಂಶೋಧಕರು ಮೊದಲೇ ಆಯ್ದಿಟ್ಟ ಮನೆಗಳಿಗೆ ಹೋದರು. ಸರ್ಕಾರ 30 ಜಿಲ್ಲೆಗಳಲ್ಲಿ ಜನರನ್ನು ಮೂರು ಗುಂಪಾಗಿ ಹಿಡಿಯಿತು: ತಪಾಸಣೆಗೆ ಬಂದ ಗರ್ಭಿಣಿಯರು ಮತ್ತು ಹೊರರೋಗಿಗಳ ಜತೆ ಬಂದವರು, ಬಸ್ ಕಂಡಕ್ಟರ್, ಮಾರುಕಟ್ಟೆ ವ್ಯಾಪಾರಿಯಂಥ ಓಡಾಟದವರು, ವಯಸ್ಸಾದವರು ಮತ್ತು ಬೇರೆ ಕಾಯಿಲೆ ಇದ್ದವರು. ಖರ್ಚು ಕಡಿಮೆ, ಕೆಲಸ ಬೇಗ. ಆದರೆ ಆ ವರ್ಷ ಬಸುರಿಯನ್ನು ಮನೆಯವರು ಹೊಸ್ತಿಲು ದಾಟಲು ಬಿಟ್ಟಿದ್ದೇ ಕಡಿಮೆ. ಅವಳ ರಕ್ತ ಇಡೀ ಊರಿನ ಕಥೆ ಹೇಳೀತೇ? ಒಂದು ವಿಷಯಕ್ಕೆ ಮಾತ್ರ ಸರ್ಕಾರವನ್ನು ಮೆಚ್ಚಬೇಕು. ರಕ್ತದ ಜತೆಗೆ ಮೂಗು-ಗಂಟಲಿನ ದ್ರವವನ್ನೂ ತೆಗೆದುಕೊಂಡರು. ಸೋಂಕು ತಗುಲಿ ಪ್ರತಿಕಾಯ ಮೂಡಲು ಸುಮಾರು ಎರಡು ವಾರ ಬೇಕು. ಆ ನಡುವೆ ಇದ್ದವರು ರಕ್ತಪರೀಕ್ಷೆಗೆ ಸಿಗುವುದಿಲ್ಲ. ಅವರನ್ನೂ ಸೇರಿಸಿದ್ದರಿಂದಲೇ ಒಟ್ಟು ಲೆಕ್ಕ ಸುಮಾರು 27ಕ್ಕೆ ಏರಿತು.

ಮುಂಬೈಯ ಮೊದಲ ಸುತ್ತು, ಅಂದರೆ ಆ ಜುಲೈ ಸಮೀಕ್ಷೆ, ನನಗೆ ಹೆಚ್ಚು ಹಿಡಿಸಿತು. ಮಾಟುಂಗಾ, ಚೆಂಬೂರು, ದಹಿಸರ್ ಭಾಗದ ಮೂರು ವಾರ್ಡುಗಳಲ್ಲಿ ಕೊಳೆಗೇರಿಯನ್ನೂ ಉಳಿದ ವಸತಿಯನ್ನೂ ಬೇರೆಬೇರೆಯಾಗಿ ಎಣಿಸಿದರು: ಕೊಳೆಗೇರಿಯಲ್ಲಿ 57, ಉಳಿದ ವಸತಿಯಲ್ಲಿ 16. ಎರಡನ್ನೂ ಕಲಸಿ ಸರಾಸರಿ ಹೇಳಿದ್ದರೆ ಸಾಮೂಹಿಕ ಶೌಚಾಲಯದ ಮುಂದಿನ ಸಾಲು ಕಾಣುತ್ತಲೇ ಇರಲಿಲ್ಲ. ಅದರಲ್ಲೂ ಹುಳುಕಿದೆ. ಗುರಿ 8,870 ಮಾದರಿ, ಸಿಕ್ಕಿದ್ದು 6,936. ಗೇಟು, ವಾಚ್‌ಮನ್ ಇರುವ ಸೊಸೈಟಿಗಳ ಕಡೆಯಿಂದ ಬಂದ ರಕ್ತ ಕಡಿಮೆ. ಬಾಗಿಲು ತೆರೆಯದವರ ಬದಲು ಪಕ್ಕದ ಮನೆಯವರನ್ನು ಸೇರಿಸಿದರೆ ಲೆಕ್ಕ ತುಂಬುತ್ತದೆ, ಸತ್ಯ ತುಂಬುವುದಿಲ್ಲ.

ಆಗಸ್ಟ್ ಸುತ್ತಿನಲ್ಲಿ ಕೊಳೆಗೇರಿಯ 57 ಎಂಬುದು 45 ಆಯಿತು. ಆಗ ಬಳಸಿದ ಕಿಟ್ ವೈರಸ್ಸಿನ ಒಳಗಿನ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ಹುಡುಕುವಂಥದ್ದು. ಅದು ಕೆಲ ತಿಂಗಳಲ್ಲೇ ಇಳಿದುಹೋಗಬಹುದು. ಸೋಂಕು ಬಂದು ಹೋದವನೇ ಆಗ 'ನೆಗೆಟಿವ್'. 2021ರ ಮಾರ್ಚಿನಲ್ಲಂತೂ ಮನೆ ಬಾಗಿಲು ಬಿಟ್ಟು ದವಾಖಾನೆಗೆ ಬಂದವರ ರಕ್ತ ತೆಗೆದುಕೊಂಡರು. ಆಗ ಬಂದ ನೂರಕ್ಕೆ 36.3 ಎಂಬ ಲೆಕ್ಕವನ್ನು ಹಳೆಯ ಅಂಕಿಗಳ ಪಕ್ಕ ಒಂದೇ ಗೆರೆಯಲ್ಲಿ ಜೋಡಿಸುವುದು ಸೇರನ್ನು ಮೊಳದಲ್ಲಿ ಅಳೆದಂತೆ.

ಸೋಂಕು ಕಡಿಮೆ ಇರುವ ಊರಲ್ಲಿ ಕಿಟ್ಟಿನ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಸಾವಿರ ಜನರಲ್ಲಿ ನಿಜವಾಗಿ ಹತ್ತು ಮಂದಿಗೆ ಮಾತ್ರ ಸೋಂಕು ತಗುಲಿದೆ ಅನ್ನಿ. ಸೋಂಕಿಲ್ಲದ ನೂರರಲ್ಲಿ 98 ಮಂದಿಯನ್ನು ಸರಿಯಾಗಿ ಬಿಡುವ ಕಿಟ್ಟೂ 990ರಲ್ಲಿ ಸುಮಾರು 20 ಮಂದಿಗೆ ಸುಳ್ಳು 'ಪಾಸಿಟಿವ್' ಕೊಡುತ್ತದೆ. ನಿಜಕ್ಕಿಂತ ಸುಳ್ಳೇ ಎರಡು ಪಟ್ಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ ದೇಶವ್ಯಾಪಿ ಸಮೀಕ್ಷೆಯ ಮೊದಲ ಸುತ್ತಿನಲ್ಲಿ ಪಾಸಿಟಿವ್ ಬಂದವನ್ನು ಎರಡನೇ ಕಿಟ್ಟಿನಲ್ಲಿ ಮತ್ತೆ ನೋಡಿದ್ದು ಅದಕ್ಕೇ. ದೇಶದ ಲೆಕ್ಕ ನೂರಕ್ಕೆ 0.73ಕ್ಕೆ ನಿಂತಿತು.

ರಕ್ತದ ಮಾದರಿ ಕಿಟ್ಟಿಗೆ ಹೋಗುವ ಮುಂಚೆಯೇ ಕೆಡುವುದೂ ಉಂಟು. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಕಾಯದೆ ಯಂತ್ರದಲ್ಲಿ ತಿರುಗಿಸಿದರೆ ಸೀರಂ, ಅಂದರೆ ಪರೀಕ್ಷೆಗೆ ಬೇಕಾದ ರಕ್ತದ ತಿಳಿ, ಸರಿಯಾಗಿ ಬೇರೆಯಾಗದು. ಜೀಪಿನ ಕುಲುಕಾಟಕ್ಕೆ ರಕ್ತಕಣ ಒಡೆದರೆ ಸೀರಂ ಕೆಂಪಾಗಿ ಫಲಿತಾಂಶ ನೆಚ್ಚುವಂತಿರದು.

ಮುಂದಿನ ಸಲ ಕರ್ನಾಟಕ ಆಸ್ಪತ್ರೆಗಳಲ್ಲೇ ರಕ್ತ ತೆಗೆಯಲಿ, ತಕರಾರಿಲ್ಲ. ಅದೇ ಆಸ್ಪತ್ರೆ, ಅದೇ ಗುಂಪು, ಅದೇ ಕಿಟ್ ಇಟ್ಟುಕೊಂಡು ಎರಡು ತಿಂಗಳಿಗೊಮ್ಮೆ ಮಾಡಿದರೆ ಏರಿಳಿತವಾದರೂ ತಿಳಿಯುತ್ತದೆ. ಜತೆಗೆ ನಾಲ್ಕು ಜಿಲ್ಲೆಗಳಲ್ಲಿ ಮನೆ ಮನೆಗೂ ಹೋಗಲಿ. ಉಳಿದ ಸೀರಂ ಅನ್ನು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಎತ್ತಿಡಲಿ. ನಡುವೆ ಕಿಟ್ ಬದಲಾದರೆ ಹಳೆಯ ಸೀರಂ ಅನ್ನೂ ಹೊಸದರಲ್ಲಿ ಹಾಕಿ ನೋಡಬಹುದು.