ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು

ಅರವತ್ತು ದಾಟಿದ ಇಬ್ಬರು ಗಂಡಸರು ನಾಲ್ಕಡಿ ಅಂತರದಲ್ಲಿ ಎದುರುಬದುರು ನಿಂತಿದ್ದರು. ಒಬ್ಬರ ತಲೆಗೆ ಬಿಳಿ ಟೋಪಿ, ಇನ್ನೊಬ್ಬರ ಅಂಗಿಯ ಬೆನ್ನಿಗೆ ಅರ್ಧ ಮಾಸಿದ ತಂಡದ ಹೆಸರು. ಹಾಡು ಶುರುವಾಗಿ ಒಂದು ನಿಮಿಷ ಇಬ್ಬರೂ ಹಗುರಾಗಿ ಹೆಜ್ಜೆ ಹಾಕುತ್ತ, ಗಿರಕಿ ಹೊಡೆಯುತ್ತ, ಒಬ್ಬರನ್ನೊಬ್ಬರು ಅಳೆದರು. ಹಾಡುಗಾರನ ದನಿ ನಿಂತು ಬರೀ ಡ್ರಮ್ಮಿನ ಪೆಟ್ಟು ಉಳಿಯಿತು ನೋಡಿ, ಟೋಪಿಯವರು ಕುಸಿದಂತೆ ಕುಕ್ಕರುಗಾಲಿಗೆ ಇಳಿದು ಪುಟಿದೆದ್ದರು. ಏಳುವಾಗಲೇ ಎಡಗೈಯಲ್ಲಿ ಇಲ್ಲದ ಬಿಲ್ಲು, ಬಲಗೈಯಲ್ಲಿ ಇಲ್ಲದ ಬಾಣ. ಮುಂದಿನ ಪೆಟ್ಟಿಗೆ ಬಾಣ ಹೊರಟಾಗಿತ್ತು. ಎದುರಿನವರು ಅದನ್ನು ಎದೆಯ ಹತ್ತಿರ ಗಾಳಿಯಲ್ಲೇ ಹಿಡಿದರು, ಮೊಣಕಾಲಿಗೆ ಬಡಿದು ಎರಡು ತುಂಡು ಮಾಡಿದರು, ಒಂದು ತುಂಡಿನಿಂದ ಹಲ್ಲುಸಂದಿ ಕೆದಕಿ ಅದನ್ನು ಟೋಪಿಯವರ ಕಾಲ ಬುಡಕ್ಕೆ ಎಸೆದರು. ಇಷ್ಟೂ ತಾಳ ತಪ್ಪದೆ. ಸುತ್ತ ನಿಂತ ಐವತ್ತು ಜನ ಒಂದೇ ಉಸಿರಿಗೆ ಕೂಗಿದರು.

ನನಗೆ ಆ ಕ್ಷಣಕ್ಕೆ ನೆನಪಾದದ್ದು ತಾಳಮದ್ದಳೆ, ಯಕ್ಷಗಾನದ ಮಾತಿನ ಕೂಟ. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಉಡುಪಿಯವನು. ಹನ್ನೆರಡು ವರ್ಷಗಳಿಂದ ನ್ಯೂಯಾರ್ಕಿನಲ್ಲಿದ್ದೇನೆ, ಬ್ರೂಕ್ಲಿನ್‌ನ ಬುಷ್‌ವಿಕ್‌ಗೆ ತಾಗಿಕೊಂಡಿರುವ ರಿಜ್‌ವುಡ್‌ನಲ್ಲಿ ಮನೆ. ಬೇಸಿಗೆಯ ಭಾನುವಾರಗಳಲ್ಲಿ ಮಗಳನ್ನು ಕರೆದುಕೊಂಡು ಬುಷ್‌ವಿಕ್‌ನ ಉದ್ಯಾನಗಳ ಕಡೆ ನಡೆಯುವ ರೂಢಿ. ಅಲ್ಲಿ ನೋಡಿದ್ದು ಈ ಕುಣಿತ. ಇದಕ್ಕೆ ಅವರು ಹೇಳುವ ಹೆಸರು ರಾಕಿಂಗ್, ಅಥವಾ ರಾಕ್ ಡಾನ್ಸ್. ಹೊರಗಿನವರಿಗೆ ಅಪ್‌ರಾಕ್ ಎಂದರೆ ಬೇಗ ತಿಳಿಯುತ್ತದೆ. ರಾಕ್ ಎಂದ ಕೂಡಲೇ ಗಿಟಾರು ಹಿಡಿದು ಕಿರುಚುವವರು ಕಣ್ಣಮುಂದೆ ಬಂದರೆ ಅದನ್ನು ಪಕ್ಕಕ್ಕಿಡಿ. ಇಲ್ಲಿ ರಾಕ್ ಎಂದರೆ ತೂಗುವುದು, ಮೈಯನ್ನು ತಾಳದ ಮೇಲೆ ಅತ್ತಿತ್ತ ಜೀಕುವುದು. ಹಾಡುಗಳು ಹೆಚ್ಚಾಗಿ ಎಪ್ಪತ್ತರ ದಶಕದ ಆರಂಭದ, ಕಪ್ಪು ಅಮೆರಿಕನ್ನರ ಫಂಕ್ ಮತ್ತು ಸೋಲ್ ಸಂಗೀತ. ರಾಕ್ ಹಾಡುಗಳೂ ಉಂಟು. 1972ರಲ್ಲಿ ಬಂದ ಜಿಮ್ಮಿ ಕ್ಯಾಸ್ಟರ್ ಬಂಚ್‌ನ ‘ಇಟ್ಸ್ ಜಸ್ಟ್ ಬಿಗನ್’ ಮೊಳಗಿದರೆ ಈ ಕೇರಿಯ ಹಿರಿಯರು ಕುರ್ಚಿಯಲ್ಲಿ ಕೂತಿರಲಾರರು.

ಹುಟ್ಟಿದ್ದು ಅರವತ್ತರ ದಶಕದ ಕೊನೆಯಲ್ಲಿ, ಇದೇ ಬುಷ್‌ವಿಕ್‌ನ ಬೀದಿಗಳಲ್ಲಿ. ರಬ್ಬರ್‌ಬ್ಯಾಂಡ್ ಮ್ಯಾನ್ ಮತ್ತು ಅಪಾಚಿ ಎಂಬ ಅಡ್ಡಹೆಸರಿನ ಇಬ್ಬರು ತರುಣರು ಇದಕ್ಕೆ ರೂಪ ಕೊಟ್ಟರೆಂದು ಕುಣಿಯುವವರೆಲ್ಲ ನೆನೆಯುತ್ತಾರೆ. ಎರಡು ತಂಡಗಳು ಸಾಲಾಗಿ ಎದುರುಬದುರು ನಿಲ್ಲುವ ಕ್ರಮಕ್ಕೆ ಇವತ್ತಿಗೂ ಅಪಾಚಿ ಲೈನ್ ಎಂದೇ ಹೆಸರು. ಕುಣಿದವರಲ್ಲಿ ಬಹುಪಾಲು ಪೋರ್ಟೊ ರಿಕೊದಿಂದ ಬಂದು ನೆಲೆಸಿದ ಕುಟುಂಬಗಳ ಹುಡುಗರು, ಜೊತೆಗೆ ಕಪ್ಪು ಜನಾಂಗದ ಹುಡುಗರು. ಆಗಿನ ಆ ಕೇರಿಯಲ್ಲಿ ಬೀದಿಗೊಂದು ಗುಂಪು, ಗುಂಪಿಗೊಂದು ಜಾಕೆಟ್ಟು, ಜಾಕೆಟ್ಟಿನ ಬೆನ್ನಿಗೆ ಗುಂಪಿನ ಗುರುತು. ತಪ್ಪು ಗುರುತು ತೊಟ್ಟು ತಪ್ಪು ಮೂಲೆಗೆ ಹೋದರೆ ರಕ್ತ ಬೀಳುತ್ತಿತ್ತು. 1977ರ ಜುಲೈ 13ರ ರಾತ್ರಿ ನಗರದ ವಿದ್ಯುತ್ ಹೋದಾಗ ಇಲ್ಲಿನ ಬ್ರಾಡ್‌ವೇ ಬೀದಿಯ ಅಂಗಡಿಗಳು ಲೂಟಿಯಾಗಿ ಸುಟ್ಟುಹೋದವು. ಇಂಥ ಜಾಗದಲ್ಲಿ, ಬಂದೂಕು, ಚೂರಿ, ಬೇಸ್‌ಬಾಲ್ ದಾಂಡುಗಳು ನಿಜವಾಗಿಯೇ ಕೈಗೆ ಸಿಗುವಾಗ, ಹುಡುಗರು ಅವನ್ನೆಲ್ಲ ಗಾಳಿಯಲ್ಲಿ ಮಾಡಿ ತೋರಿಸುವ ಕುಣಿತ ಕಟ್ಟಿದರು.

ಆ ಅಭಿನಯಕ್ಕೆ ಬರ್ನ್ ಎನ್ನುತ್ತಾರೆ, ಸುಡುವುದು ಎಂದು. ಬಾಣ ಬಿಡುವುದು, ಗುಂಡು ಹಾರಿಸುವುದು, ಎದುರಾಳಿಯ ಗುಂಡಿಗೆಯನ್ನು ಕಿತ್ತು ಚೆಂಡಿನಂತೆ ಪುಟಿಸುವುದು, ಅವನನ್ನು ಮಡಚಿ ಜೇಬಿಗೆ ಹಾಕಿಕೊಳ್ಳುವುದು, ಎಲ್ಲವೂ ಬರ್ನ್. ಹಾಡಿನ ಡ್ರಮ್ಮು ಏರಿದಾಗ ಕುಸಿದು ಪುಟಿದು ಪಕ್ಕಕ್ಕೆ ಸೆಳೆದುಕೊಳ್ಳುವ ಹೆಜ್ಜೆಗೆ ಜರ್ಕ್. ಜರ್ಕ್ ಮಾಡದೆ ಬರೀ ಬರ್ನ್ ತೋರಿಸುವವನು ಮೂಕಾಭಿನಯದವನು, ಬರ್ನ್ ಇಲ್ಲದೆ ಜರ್ಕ್ ಮಾಡುವವನು ವ್ಯಾಯಾಮದವನು ಎಂದು ಟೋಪಿಯ ಹಿರಿಯರು ನನಗೆ ಆಮೇಲೆ ಬಿಡಿಸಿ ಹೇಳಿದರು. ಎಲ್ಲಕ್ಕಿಂತ ಮೇಲಿನ ಕಟ್ಟಳೆ ಒಂದೇ: ಮೈ ಮುಟ್ಟಬಾರದು. ಮೂಗಿನಿಂದ ಒಂದಂಗುಲ ದೂರಕ್ಕೆ ಮುಷ್ಟಿ ಬರಬಹುದು, ತಾಗಿಸಿದನೋ ಅವನು ಸೋತ.

ಈಗ ಬ್ರೇಕಿಂಗ್, ಅಂದರೆ ಬ್ರೇಕ್ ಡಾನ್ಸ್, ಎಲ್ಲರಿಗೂ ಗೊತ್ತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಯಿತು, ಜಪಾನಿನ ಅಮಿ, ಕೆನಡಾದ ಫಿಲ್ ವಿಜ಼ರ್ಡ್ ಚಿನ್ನ ಗೆದ್ದರು. ಆ ದಿನಗಳಲ್ಲಿ ರಾಕಿಂಗನ್ನು ಬ್ರೇಕಿಂಗ್‌ನ ಪೀಠಿಕೆಯೆಂಬಂತೆ ಒಂದು ಸಾಲಿನಲ್ಲಿ ಮುಗಿಸಿಬಿಡುವುದನ್ನು ಕಂಡು ನನಗೆ ನೋವಾಯಿತು. ಬ್ರೇಕಿಂಗ್‌ನವರು ನೆಲಕ್ಕಿಳಿಯುವ ಮುನ್ನ ನಿಂತು ಹಾಕುವ ಹೆಜ್ಜೆಗಳಲ್ಲಿ ಅಪ್‌ರಾಕ್‌ನ ಪಾಲಿದೆ, ನಿಜ. ಆದರೆ ಎರಡೂ ಸಂಗೀತವನ್ನು ಕೇಳಿಸಿಕೊಳ್ಳುವ ಬಗೆಯೇ ಬೇರೆ. ನ್ಯೂಯಾರ್ಕಿನ ಇನ್ನೊಂದು ಭಾಗವಾದ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಎರಡು ಗ್ರಾಮಫೋನ್ ತಟ್ಟೆಗಳನ್ನಿಟ್ಟುಕೊಂಡು ಹಾಡಿನ ಡ್ರಮ್ಮಿನ ತುಣುಕನ್ನು ಮಾತ್ರ ಮತ್ತೆ ಮತ್ತೆ ಬಾರಿಸಿದ. ಬ್ರೇಕಿಂಗ್ ಬೆಳೆದದ್ದು ಆ ತುಣುಕಿನ ಮೇಲೆ. ಬ್ರೂಕ್ಲಿನ್‌ನವರು ಹಾಡನ್ನು ಮೊದಲಿಂದ ಕೊನೆಯವರೆಗೆ ಕುಣಿಯುತ್ತಾರೆ. ಪಲ್ಲವಿಗೆ ಒಂದು ನಡೆ, ಕೊಂಬು ಕಹಳೆಗೆ ಇನ್ನೊಂದು, ಸಾಹಿತ್ಯದಲ್ಲಿ ಓಟದ ಮಾತು ಬಂದರೆ ಓಟವನ್ನೇ ಬರ್ನ್ ಮಾಡುವ ಚತುರತೆ. ಹಾಡನ್ನು ಅರೆದು ಕುಡಿದಿರದಿದ್ದರೆ ಇಲ್ಲಿ ಏನೂ ನಡೆಯದು.

ಇನ್ನೊಂದು ವ್ಯತ್ಯಾಸ ನನಗೆ ಇನ್ನೂ ದೊಡ್ಡದು. ಬ್ರೇಕಿಂಗ್‌ನಲ್ಲಿ ಸರದಿ ಇದೆ. ಒಬ್ಬ ಕುಣಿಯುವಾಗ ಇನ್ನೊಬ್ಬ ಕೈಕಟ್ಟಿ ನಿಂತು ನೋಡುತ್ತಾನೆ. ರಾಕಿಂಗ್‌ನಲ್ಲಿ ಇಬ್ಬರೂ ಒಟ್ಟಿಗೆ. ನೀನು ಬಾಣ ಬಿಡುವಾಗಲೇ ಅವನು ಹಿಡಿಯುತ್ತಾನೆ. ಮನೆಯಲ್ಲಿ ಕನ್ನಡಿಯ ಮುಂದೆ ಕಲಿತುಕೊಂಡು ಬಂದದ್ದನ್ನು ಒಪ್ಪಿಸಿ ಹೋಗಲು ಬರುವುದಿಲ್ಲ, ಏಕೆಂದರೆ ಎದುರಿನವನು ಏನು ಮಾಡುತ್ತಾನೋ ಅದೇ ನಿನ್ನ ಮುಂದಿನ ಹೆಜ್ಜೆಯ ಬೀಜ. ಕಣ್ಣು ಅವನ ಮೇಲೆ, ಕಿವಿ ಹಾಡಿನ ಮೇಲೆ.

ತಾಳಮದ್ದಳೆ ಕಂಡವರಿಗೆ ಇದು ಹೊಸತಲ್ಲ. ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ದೇವಸ್ಥಾನದ ಚಾವಡಿಯಲ್ಲಿ, ದೊಡ್ಡ ಮನೆಗಳ ಜಗಲಿಯಲ್ಲಿ ವೇಷವಿಲ್ಲದೆ ಕೂತು ಅರ್ಥ ಹೇಳುತ್ತಾರೆ, ಎಂದರೆ ಭಾಗವತರು ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತು ಕಟ್ಟುತ್ತಾರೆ. ಚಿಕ್ಕವನಾಗಿದ್ದಾಗ ಅಜ್ಜನ ತೊಡೆಗೆ ಒರಗಿ ‘ವಾಲಿವಧೆ’ ಕೇಳಿದ ನೆನಪಿದೆ. ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು. ರಾಮನ ಅರ್ಥ ಹೇಳುವವರಿಗೆ ಬೇಕಾದದ್ದು ಮುಂಚೆ ಬರೆದುಕೊಂಡ ಉತ್ತರವಲ್ಲ, ಆ ರಾತ್ರಿಯ ಆ ವಾಲಿ ಕೇಳಿದ ಪ್ರಶ್ನೆಗೆ ಉತ್ತರ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರು ಕೂತರೆ ಯಾವ ಸಿದ್ಧತೆಯೂ ಸಾಲದು ಎಂದು ಅಜ್ಜ ಹೇಳುತ್ತಿದ್ದರು. ಎದುರಾಳಿಯ ಮಾತಿನ ಎಳೆಯನ್ನೇ ಹಿಡಿದೆಳೆದು ಅವನನ್ನೇ ಕಟ್ಟಿಹಾಕುವುದು, ಆದರೆ ಪ್ರಸಂಗದ ಚೌಕಟ್ಟನ್ನು ಮೀರದಿರುವುದು. ಬಾಣವನ್ನು ಹಿಡಿದು ಮುರಿದು ಹಲ್ಲುಕಡ್ಡಿ ಮಾಡಿದ ಆ ಹಿರಿಯರು ಮಾಡಿದ್ದೂ ಅದನ್ನೇ. ಅಲ್ಲಿ ಭಾಗವತರ ಪದ್ಯ, ಇಲ್ಲಿ ಜಿಮ್ಮಿ ಕ್ಯಾಸ್ಟರ್.

ನಮ್ಮ ಕುಣಿತಗಳ ಕಡೆ ತಿರುಗಿದಾಗ ನನ್ನ ಮನಸ್ಸು ತುಸು ಬಾಡುತ್ತದೆ. ಹುಲಿವೇಷವನ್ನೇ ತೆಗೆದುಕೊಳ್ಳಿ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ಉಡುಪಿಯ ರಥಬೀದಿಯಲ್ಲಿ ತಾಸೆ ವಾದ್ಯದ ಸದ್ದಿಗೆ ಎದೆ ನಡುಗುವುದು ಲೋಕದ ಯಾವ ಮೂಲೆಯಲ್ಲಿದ್ದರೂ ನನಗೆ ಕೇಳಿಸುತ್ತದೆ. ರಾತ್ರಿಯಿಡೀ ನಿಂತು ಬಣ್ಣ ಬಳಿಸಿಕೊಂಡು, ಮೈ ಉರಿಯುತ್ತಿದ್ದರೂ ಕುಣಿಯುವ ಹುಡುಗರು, ಹಿಂದಕ್ಕೆ ಬಾಗಿ ನೆಲದ ನೋಟನ್ನು ಬಾಯಿಯಿಂದ ಎತ್ತುವವರು, ಸುಮಾರು 40 ಕಿಲೋದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವವರು. ಬುಷ್‌ವಿಕ್‌ನ ಯಾವ ಕುಣಿತಗಾರನ ಮುಂದೆಯೂ ಇವರು ತಲೆ ತಗ್ಗಿಸಬೇಕಿಲ್ಲ. ಹುಡುಗನಾಗಿದ್ದಾಗ ನಾನು ನೋಡಿದ್ದೇನೆ, ಎರಡು ತಂಡಗಳು ಬೀದಿಯ ತಿರುವಿನಲ್ಲಿ ಮುಖಾಮುಖಿಯಾದರೆ ಎರಡೂ ತಾಸೆಗಳ ವೇಗ ಏರುತ್ತಿತ್ತು, ಮುಂದಿನ ಹುಲಿಗಳು ಹಲ್ಲು ಕಡಿಯುತ್ತ ಪಂಜ ತೋರಿಸುತ್ತ ಒಂದು ಗಳಿಗೆ ಪರಸ್ಪರರಿಗಾಗಿಯೇ ಕುಣಿಯುತ್ತಿದ್ದವು. ಆ ಒಂದು ಗಳಿಗೆಗಾಗಿ ನಾವು ಹುಡುಗರು ತಂಡಗಳ ಹಿಂದೆ ಊರೆಲ್ಲ ಓಡುತ್ತಿದ್ದೆವು. ಕೆಲವೊಮ್ಮೆ ಅದು ಕೈಕೈ ಮಿಲಾಯಿಸುವವರೆಗೆ ಹೋದದ್ದನ್ನೂ ನೋಡಿದ್ದೇನೆ, ದೊಡ್ಡವರು ನಮ್ಮನ್ನು ಅಂಗಡಿಯೊಳಕ್ಕೆ ಎಳೆದುಕೊಂಡದ್ದೂ ನೆನಪಿದೆ.

ಈಗ ಹುಲಿ ಕುಣಿತದ ಸ್ಪರ್ಧೆಗಳು ಎತ್ತರದ ವೇದಿಕೆಯ ಮೇಲೆ ನಡೆಯುತ್ತವೆ. ಒಂದು ತಂಡಕ್ಕೆ ಇಂತಿಷ್ಟು ನಿಮಿಷ, ಮುಂದೆ ತೀರ್ಪುಗಾರರ ಮೇಜು. ಒಂದು ತಂಡ ಇಳಿದ ಮೇಲೆ ಇನ್ನೊಂದು ಹತ್ತುತ್ತದೆ. ಯಾರೂ ಯಾರನ್ನೂ ನೋಡುವುದಿಲ್ಲ. ಯಕ್ಷಗಾನದ ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗ ಆಡುವಾಗಲೂ ಮುಖ ಪ್ರೇಕ್ಷಕರ ಕಡೆಗೇ. ಪಕ್ಕದವನು ಎಷ್ಟು ಗಿರಕಿ ಹೊಡೆದನೆಂದು ಲೆಕ್ಕ ಇಡುವವರು ಜನ. ಜಗಳ ತಪ್ಪಿಸಲು, ಶಿಸ್ತು ತರಲು ವೇದಿಕೆ ಬೇಕಾಯಿತು ಎಂಬುದು ನನಗೂ ಗೊತ್ತು. ಹುಡುಗರಿಗೆ ಒಳ್ಳೆಯ ಬಹುಮಾನ, ಮರ್ಯಾದೆ ಸಿಗುತ್ತಿರುವುದು ನನಗೂ ಸಂತೋಷವೇ. ಆದರೆ ಜಗಳವನ್ನು ತಪ್ಪಿಸಲು ನಾವು ಎದುರಾಳಿಯನ್ನೇ ಎದುರಿನಿಂದ ತೆಗೆದುಬಿಟ್ಟೆವು. ಬುಷ್‌ವಿಕ್‌ನವರು ನಮಗಿಂತ ಹೆಚ್ಚು ರಕ್ತ ಕಂಡವರು, ಎದುರಾಳಿಯನ್ನು ಇನ್ನೂ ಹತ್ತಿರ ತಂದು ನಿಲ್ಲಿಸಿಕೊಂಡು ಮುಟ್ಟಬಾರದೆಂಬ ಗೆರೆ ಎಳೆದರು. ಈ ಎರಡು ದಾರಿಗಳಲ್ಲಿ ಯಾವುದು ಮನುಷ್ಯನನ್ನು ಹೆಚ್ಚು ನಂಬುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಬುಷ್‌ವಿಕ್‌ನ ಕಡೆ ಕೈ ತೋರಿಸುತ್ತೇನೆ.

ಇಲ್ಲಿಯ ಎಲ್ಲವೂ ನನಗೆ ಒಪ್ಪಿಗೆ ಎಂದಲ್ಲ. ಕೆಲವು ಬರ್ನ್‌ಗಳು ಅಶ್ಲೀಲ. ಎದುರಾಳಿಯ ಗಂಡಸುತನವನ್ನು ಹಂಗಿಸುವ, ಹೆಂಗಸಿನಂತೆ ಆಡಿ ತೋರಿಸಿ ಕೀಳುಮಾಡುವ ಅಭಿನಯಗಳು ಹಳೆಯ ದಿನಗಳಿಂದಲೂ ನಡೆದುಬಂದಿವೆ. ಎಂಟು ವರ್ಷದ ಮಗಳು ಪಕ್ಕದಲ್ಲಿ ನಿಂತಿರುವಾಗ ಒಮ್ಮೆ ನಾನು ಅವಳನ್ನು ಕರೆದುಕೊಂಡು ಆಚೆ ನಡೆದದ್ದೂ ಇದೆ. ಮುಂದಿನ ವಾರ ಅದನ್ನು ಟೋಪಿಯ ಹಿರಿಯರಿಗೆ ನೇರವಾಗಿ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೈಲಾಗದವನು ಅಲ್ಲಿಗೆ ಇಳಿಯುತ್ತಾನೆ, ಹಾಡು ಕೇಳಿಸಿಕೊಳ್ಳುವವನಿಗೆ ಅದರ ಅಗತ್ಯ ಬೀಳುವುದಿಲ್ಲ ಎಂದರು. ತಾಳಮದ್ದಳೆಯಲ್ಲೂ ಪಾತ್ರ ಬಿಟ್ಟು ವ್ಯಕ್ತಿಯನ್ನು ಕುಟುಕುವವರಿದ್ದಾರೆ, ಅವರ ಬಗ್ಗೆ ಅಜ್ಜನ ಅಭಿಪ್ರಾಯವೂ ಹೆಚ್ಚುಕಡಿಮೆ ಇದೇ ಆಗಿತ್ತು.

ಮಗಳು ಇಲ್ಲಿನ ಕನ್ನಡ ಕೂಟವೊಂದರ ರಾಜ್ಯೋತ್ಸವದಲ್ಲಿ ಎರಡು ವರ್ಷ ಕುಣಿದಿದ್ದಾಳೆ. ಚೆನ್ನಾಗಿಯೇ ಕುಣಿದಳು. ಮೂರು ತಿಂಗಳ ಅಭ್ಯಾಸ, ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದ ತಂದೆತಾಯಂದಿರು, ಕೊನೆಗೆ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಪದಕ. ಪಕ್ಕದ ಮಗು ಹೇಗೆ ಕುಣಿಯಿತು ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವನ್ನು ನಾವು ಇಟ್ಟಿರಲಿಲ್ಲ. ಅದೇ ಹುಡುಗಿ ಕಳೆದ ಆಗಸ್ಟ್‌ನಲ್ಲಿ ಉದ್ಯಾನದ ಕಾಂಕ್ರೀಟಿನ ಮೇಲೆ, ಹೆಸರೂ ಗೊತ್ತಿಲ್ಲದ ಒಬ್ಬ ಪೋರ್ಟೊ ರಿಕನ್ ಹುಡುಗನ ಎದುರು ನಿಂತಳು. ಹಿರಿಯರು ಇಬ್ಬರಿಗೂ ಕುಸಿದು ಏಳುವುದನ್ನಷ್ಟೇ ಕಲಿಸಿದ್ದರು. ಹುಡುಗ ಇವಳ ಮೇಲೆ ಏನೋ ಒಂದು ದೊಡ್ಡ ಕಲ್ಲು ಎತ್ತಿಹಾಕಿದಂತೆ ಮಾಡಿದ. ಇವಳು ಒಂದು ಕ್ಷಣ ತಡೆದು, ಬೆರಳುಗಳನ್ನು ಪಂಜದಂತೆ ಮಡಚಿ, ಕಳೆದ ರಜೆಯಲ್ಲಿ ಉಡುಪಿಯಲ್ಲಿ ನೋಡಿದ್ದ ಹುಲಿಯ ಹೆಜ್ಜೆಯಲ್ಲಿ ಆ ಕಲ್ಲಿನ ಮೇಲೆ ಹತ್ತಿ ನಿಂತಳು. ಹುಡುಗ ಕಣ್ಣರಳಿಸಿದ. ಆ ಹೆಜ್ಜೆ ಎಲ್ಲಿಯದೆಂದು ಹಿರಿಯರು ನನ್ನನ್ನು ಕೇಳಿದರು, ನಾನು ಮೊಬೈಲ್‌ನಲ್ಲಿ ವಿಟ್ಲಪಿಂಡಿಯ ತುಣುಕು ತೋರಿಸಿದೆ. ಅಕ್ಕಿಮುಡಿ ಹಾರಿದ್ದನ್ನು ಅವರು ಮೂರು ಸಲ ನೋಡಿದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಇವನು ಇದನ್ನು ಯಾರ ಎದುರು ಮಾಡುತ್ತಿದ್ದಾನೆ?

ಆ ಪ್ರಶ್ನೆಯನ್ನು ಹಾಗೇ ಎತ್ತಿಕೊಂಡು ಆ ರಾತ್ರಿ ಊರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ವರ್ಷಗಳಿಂದ ಒಂದು ಹುಲಿ ತಂಡ ನಡೆಸುತ್ತಿದ್ದಾನೆ. ಎರಡು ತಂಡಗಳಿಂದ ಒಂದೊಂದು ಹುಲಿ, ನಡುವೆ ನಾಲ್ಕಡಿ ಜಾಗ, ಒಟ್ಟಿಗೆ ಕುಣಿಯಬೇಕು, ಮುಟ್ಟಬಾರದು, ವೇದಿಕೆ ಬೇಡ, ಸುತ್ತ ಜನ ನಿಲ್ಲಲಿ ಎಂದು ವಿವರಿಸಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು, “ತಾಸೆ ಯಾರದ್ದು?” ಎಂದು ಕೇಳಿದ. ನಮ್ಮಲ್ಲಿ ಪ್ರತಿ ತಂಡಕ್ಕೂ ಅದರದೇ ತಾಸೆಯವರು; ಅವರ ಕೈಗೂ ಹುಲಿಯ ಕಾಲಿಗೂ ವರ್ಷಗಳ ಒಪ್ಪಂದ. ಬುಷ್‌ವಿಕ್‌ನಲ್ಲಿ ಈ ತೊಡಕಿಲ್ಲ, ಡಿಜೆ ಯಾವ ಹಾಡು ಹಾಕುತ್ತಾನೆಂದು ಇಬ್ಬರಿಗೂ ಗೊತ್ತಿರುವುದಿಲ್ಲ. ಹಾಗಾದರೆ ಇಬ್ಬರಿಗೂ ಸೇರದ ಮೂರನೆಯ ಊರಿನ ತಾಸೆಯವರನ್ನು ಕರೆಸು ಎಂದೆ. ಕುಂದಾಪುರದ ಕಡೆ ಒಬ್ಬರಿದ್ದಾರೆ, ಕೇಳಿ ನೋಡುತ್ತೇನೆ ಎಂದಿದ್ದಾನೆ.